ಸೀತಕ್ಕನಿಗೆ ಬರೆದ ಅಂಗಡಿ

ಮುತ್ತಿನಕೊಪ್ಪದ ಅಂಬಿಕಾ ಮೈಸೂರಿನಲ್ಲಿ ಊರು ಕಟ್ಟುವ ನಕ್ಷೆ ಬರೆಯುವ ವಿದ್ಯೆ ಕಲಿಯುತ್ತಿದ್ದಳು. ಕಾಲೇಜಿನವರು ಅಧ್ಯಯನ ಪ್ರವಾಸವೆಂದು ಶೃಂಗೇರಿಗೇ ಹೊರಟಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳು ಹೈಸ್ಕೂಲು ಓದಿದ್ದೇ ಅಲ್ಲಿ, ದೊಡ್ಡಮ್ಮ ಸೀತಕ್ಕನ ಬಾಡಿಗೆ ಕೋಣೆಯಲ್ಲಿ. ಗಂಡ ಹೋದ ಮೇಲೆ ತೋಟದ ಕೂಲಿಗೆ ಸೊಂಟ ಒಪ್ಪದೆ, ಸೀತಕ್ಕ ದೇವಸ್ಥಾನದ ದಾರಿಯ ಬದಿಗೆ ಗೋಣಿ ಹಾಸಿ, ತುಂಗೆಯ ಮೀನುಗಳಿಗೆ ಹಾಕುವ ಮಂಡಕ್ಕಿ ಮಾರಲು ಕೂತವಳು. ಮಳೆಗೊಂದು ಕೊಡೆ, ಬಿಸಿಲಿಗೂ ಅದೇ ಕೊಡೆ. ಹಾಗೆ ಕೂತೇ ಅಂಬಿಕಾಳಿಗೆ ಎರಡು ಹೊತ್ತು ಅನ್ನ ಹಾಕಿದ್ದಳು.

ಬೆಳಿಗ್ಗೆ ಎಲ್ಲರೂ ವಿದ್ಯಾಶಂಕರ ಗುಡಿ ಸುತ್ತಿದರು. ಕಂಬದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಮೀನು ನೋಡಿ ಕೂಗಾಡಿದರು. ಆಮೇಲೆ ಶ್ರೀನಿಧಿ ಮೇಷ್ಟ್ರು, "ನೋಡಿದ್ದು ಸಾಕು, ಇನ್ನು ಅಳೆಯಿರಿ. ಈ ಬೀದಿ ನಡೆಯುವವರಿಗೆ ಹೇಗಿದ್ದರೆ ಚೆಂದ? ಸಂಜೆಗೆ ನಕ್ಷೆ ಬೇಕು" ಎಂದು ಹುಡುಗರನ್ನು ಬೀದಿಗೆ ಬಿಟ್ಟರು.

ಕಾಲೇಜಿನ ಟೋಪಿ ಹಾಕಿಕೊಂಡು, ಟೇಪು ಎಳೆಯುತ್ತ ಬಂದ ಅಂಬಿಕಾಳನ್ನು ಸೀತಕ್ಕ ದೂರದಿಂದಲೇ ಗುರುತು ಹಿಡಿದಳು.

"ಏ ಹೆಣ್ಣೆ, ನೀನೂ ಆಫೀಸರ್ ಆದ್ಯೇನೆ? ಎಂತ ಅಳೀತಿದ್ದೀಯೆ?"

"ನಿನ್ನ ಬೀದೀನ ಚೆಂದ ಮಾಡ್ತಿದ್ದೀನಿ ದೊಡ್ಡಮ್ಮ."

"ಮೊದ್ಲು ನೀನು ಚೆಂದ ಆಗು. ಒಣಗಿ ಕಡ್ಡಿ ಆಗಿದ್ದೀಯಲ್ಲೆ!"

ಅಂಬಿಕಾ ಅಲ್ಲೇ ಕುಕ್ಕರಗಾಲಲ್ಲಿ ಕೂತು ಬರೆದಳು. ಗಾಡಿ ನಿಲ್ಲಿಸುವ ಜಾಗದ ಅಂಚಿಗೆ ಒಂದು ಸಾಲು ಪುಟ್ಟ ಅಂಗಡಿ, ಮೇಲೆ ಹಂಚು, ಮುಂದೆ ಕಲ್ಲಿನ ಕಟ್ಟೆ, ಕೊನೆಗೊಂದು ನಲ್ಲಿ. ಬರೆಯುವ ಹುಮ್ಮಸ್ಸಿನಲ್ಲಿ ಮೊದಲ ಅಂಗಡಿಯ ಮೇಲೆ 'ಸೀತಕ್ಕ' ಎಂದು ಹೆಸರನ್ನೂ ಹಾಕಿಬಿಟ್ಟಳು. ದೊಡ್ಡಮ್ಮ ಆ ಹೆಸರಿನ ಮೇಲೆ ಬೆರಳಾಡಿಸಿದಳು.

ಪಕ್ಕದಲ್ಲಿ ಬಳೆ, ಬುಗುರಿ ಮಾರುವ ಶೇಷಪ್ಪ ಕತ್ತು ಚಾಚಿದ. "ನಂಗೂ ಒಂದು ಬಾಗಿಲು ಹಾಕು ಮಾರಾಯ್ತಿ. ಆದ್ರೆ ಇವಳ ಪಕ್ಕ ಬ್ಯಾಡ, ಇವಳ ಬಾಯಿಗೆ ಬ್ರೇಕಿಲ್ಲ."

"ನೀನು ನಲ್ಲಿ ಪಕ್ಕ ಹೋಗು, ಮುಖನಾದ್ರೂ ತೊಳ್ಕೊಳ್ಳುವೆಯಂತೆ" ಎಂದಳು ಸೀತಕ್ಕ. ಎಲ್ಲರೂ ನಕ್ಕರು. ಅಂಬಿಕಾ ನಗುತ್ತಲೇ ಅವನ ಹೆಸರನ್ನೂ ಬರೆದು ಮುಂದೆ ಹೋದಳು.

ಊಟ ಮುಗಿಸಿ ಬಂದರೆ ಸೀತಕ್ಕ ಹಬ್ಬದ ಮುಖ ಮಾಡಿಕೊಂಡು ಕೂತಿದ್ದಳು. ರಸ್ತೆ ಅಗಲ ಮಾಡುತ್ತಾರೆಂದು ಬದಿಯಲ್ಲಿ ಸುಣ್ಣದ ಗುರುತು ಬಿದ್ದು ತಿಂಗಳಾಗಿತ್ತು. ಇಷ್ಟರಲ್ಲೇ ಬದಿಯಲ್ಲಿ ಕೂತು ಮಾರುವವರೆಲ್ಲ ಎದ್ದು ಹೋಗಬೇಕು. ಅದೇ ಬೀದಿಯ ಲಾಡ್ಜಿನ ಮಾಲೀಕ ಶಶಿಕಿರಣ್ ತನ್ನ ಜಗುಲಿಯ ಮೂಲೆಯನ್ನು ಒಬ್ಬರಿಗೆ ಬಾಡಿಗೆಗೆ ಕೊಡುತ್ತೇನೆಂದಿದ್ದ. ಮೊದಲು ಕೇಳಿದವಳೆಂದು ಆ ಜಾಗವನ್ನು ಸೀತಕ್ಕನಿಗೇ ಇಟ್ಟು, ಇವತ್ತು ಮಾತು ಹೇಳಿಬಿಡು ಎಂದು ತಿಳಿಸಿದ್ದ.

"ಬ್ಯಾಡ ಅಂತ ಹೇಳಿ ಬಂದೆ ಮಗಾ. ಸ್ವಂತದ್ದು ಇರುವಾಗ ಬಾಡಿಗೆ ಯಾಕೆ?"

ಅಂಬಿಕಾ ಬಗ್ಗಿ ಕೇಳಿದಳು. "ಯಾವ ಸ್ವಂತದ್ದು?"

"ನೀನೇ ಹೆಸರು ಹಾಕಿದ್ಯಲ್ಲೆ."

"ದೊಡ್ಡಮ್ಮ, ಅದು ಕಾಲೇಜಿಂದು! ಮಾರ್ಕ್ಸಿಗೆ ಬರೆಯೋದು. ಯಾರೂ ಕಟ್ಟಲ್ಲ!"

ಸೀತಕ್ಕ ಸುತ್ತ ನೋಡಿ, ಗುಟ್ಟಿನ ದನಿ ಮಾಡಿದಳು. "ಗೊತ್ತು, ನೀನು ಬಾಯಿ ಬಿಡಂಗಿಲ್ಲ. ಅವತ್ತು ಟೇಪು ಹಿಡ್ಕೊಂಡು ಬಂದೋರೂ ಹಿಂಗೇ ಅಂದ್ರು, ಸುಮ್ನೆ ಅಳತೆ, ಏನೂ ಆಗಲ್ಲ ಅಜ್ಜಿ ಅಂತ. ಆಮೇಲೆ ಸುಣ್ಣ ಬಿತ್ತು. ಅಳೆದ ಮೇಲೆ ಆಗದೇ ಇದ್ದದ್ದು ನಾ ನೋಡಿಲ್ಲ."

ಅಳತೆಯವರು ಅವತ್ತು ಸುಳ್ಳಿಗೆ ಆಡಿದ ಮಾತನ್ನೇ ಅಂಬಿಕಾ ಇವತ್ತು ನಿಜವಾಗಿ ಆಡಬೇಕಾಗಿತ್ತು. ಟೇಪು ಅಲ್ಲೇ ಬಿಸಾಡಿ ಲಾಡ್ಜಿಗೆ ಓಡಿದಳು.

ಶಶಿಕಿರಣ್ ಎಲೆ ಅಡಿಕೆ ಮೆಲ್ಲುತ್ತ ನಿಂತಿದ್ದ. "ತಡ ಮಾಡಿದೆ ಮಾರಾಯ್ತಿ. ಅವಳು ಬ್ಯಾಡ ಅಂದು ಮೆಟ್ಟಿಲು ಇಳಿದಳು, ಇವನು ಹತ್ತಿದ. ಮಾತು ಕೊಟ್ಟಾಯ್ತಲ್ಲ, ಈಗ ತಿರುಗಿಸಿದ್ರೆ ನಾನೆಂತ ಮನುಷ್ಯ?"

ಹತ್ತಿದವನು ಶೇಷಪ್ಪ. ಜಗುಲಿ ಗುಡಿಸುತ್ತಿದ್ದವನು ತಲೆ ಎತ್ತಲಿಲ್ಲ.

"ನೀವೂ ಹೆಸರು ಬರೆಸಿದ್ರಲ್ಲ!"

"ಬರೆಸಿದೆ. ಬಂದ್ರೆ ಬರಲಿ ಅಂತ. ಅಷ್ಟಕ್ಕೇ ನಂಬಿ ಕೂರಕ್ಕಾಗುತ್ತಾ? ನಂಗೂ ಮನೇಲಿ ಮೂರು ಬಾಯಿ ಇದಾವೆ ಕಣಮ್ಮ." ಅವನನ್ನು ಬಯ್ಯೋಣವೆಂದರೆ ತಪ್ಪು ಹುಡುಕಲೂ ಅವಳಿಗೆ ಆಗಲಿಲ್ಲ.

ಸಂಜೆ ಅದೇ ಲಾಡ್ಜಿನ ಹಾಲಿನಲ್ಲಿ ನಕ್ಷೆಗಳನ್ನು ಗೋಡೆಗೆ ಅಂಟಿಸಿದರು. ಶ್ರೀನಿಧಿ ಮೇಷ್ಟ್ರು ಅಂಬಿಕಾಳದ್ದರ ಮುಂದೆ ನಿಂತು, "ನೋಡಿ, ಅಂಗಡಿಗೆ ಮನುಷ್ಯರ ಹೆಸರು! ಇದು ಜೀವ ಇರುವ ನಕ್ಷೆ" ಎಂದರು. ಹುಡುಗರು ಚಪ್ಪಾಳೆ ತಟ್ಟಿದರು.

"ಸರ್, ಇದನ್ನ ಯಾರಿಗಾದ್ರೂ ಕೊಟ್ರೆ ಕಟ್ಟಿಸ್ತಾರಾ?"

"ಪ್ರತಿ ವರ್ಷ ಹೋದ ಊರಲ್ಲೆಲ್ಲ ಒಂದು ಪ್ರತಿ ಕೊಟ್ಟು ಬರ್ತೀವಮ್ಮ. ಇನ್ನೂ ಯಾರೂ ಕಟ್ಟಿಲ್ಲ."

ಅವಳು ಮೇಷ್ಟ್ರನ್ನು ಬೇಡಿ, ಕೈ ಹಿಡಿದು ಎಳೆಯುವುದೊಂದು ಬಾಕಿ ಎನ್ನುವಂತೆ ಸೀತಕ್ಕನ ಹತ್ತಿರ ಕರೆತಂದಳು. ಅವರು ಪಾಪ, ನಿಧಾನವಾಗಿ, ಬಿಡಿಸಿ ಹೇಳಿದರು: ಇದು ಬರೀ ಪಾಠ, ಯಾರೂ ಏನೂ ಕಟ್ಟುವುದಿಲ್ಲ, ಇದನ್ನು ನಂಬಿ ಕೂರಬೇಡಿ. ಸೀತಕ್ಕ ಎದ್ದು ನಿಂತು, ಸೆರಗು ಹೊದ್ದು, ಪ್ರತಿ ಮಾತಿಗೂ ತಲೆದೂಗಿದಳು. "ಆಯ್ತು ಸ್ವಾಮಿ. ನಾನು ಯಾರಿಗೂ ಹೇಳಲ್ಲ." ಮೇಷ್ಟ್ರು ಅಂಬಿಕಾಳ ಮುಖ ನೋಡಿದರು. ಅಂಬಿಕಾ ನೆಲ ನೋಡಿದಳು.

ಬಸ್ಸಿನ ಡ್ರೈವರ್ ಹಾರ್ನ್ ಒತ್ತುತ್ತಿದ್ದ. ಹತ್ತಿ ಕಿಟಕಿ ಪಕ್ಕ ಕೂತು ನೋಡಿದರೆ, ಶೇಷಪ್ಪ ತನ್ನ ಬಳೆಯ ಸ್ಟ್ಯಾಂಡನ್ನು ಜಗುಲಿಗೆ ಏರಿಸಲಾಗದೆ ಮೆಟ್ಟಿಲಲ್ಲಿ ಒದ್ದಾಡುತ್ತಿದ್ದ. ಸೀತಕ್ಕ ಸೊಂಟದ ಮೇಲೊಂದು ಕೈ ಇಟ್ಟುಕೊಂಡೇ ಹೋಗಿ, ಇನ್ನೊಂದು ಕೈಯಿಂದ ಅದರ ಕಾಲು ಹಿಡಿದಳು.

"ಎತ್ತೋ ಶೇಷಪ್ಪ, ಎತ್ತು. ಸ್ವಲ್ಪ ದಿನ ಇಲ್ಲಿರು. ನಮ್ಮ ಹುಡುಗಿಗೆ ಹೇಳಿ ನಿಂಗೂ ನನ್ನ ಪಕ್ಕದ್ದೇ ಕೊಡಿಸ್ತೀನಿ."

ಶೇಷಪ್ಪ ಭಾರವನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡ. ಬಸ್ಸು ಮೈಸೂರಿನ ದಾರಿಗೆ ತಿರುಗಿತು.