ಗೆರೆ ಅಳಿಸಿದವರು, ಸೀಟಿ ಊದಿದವರು

ವಾಲಿಬಾಲ್ ಪಂದ್ಯವೊಂದನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದವಳಲ್ಲ ನಾನು. ಚೆಂಡು ಈ ಕಡೆ ಬಿದ್ದರೆ ಪಾಯಿಂಟು ಯಾರಿಗೆ, ಆ ಕಡೆ ಬಿದ್ದರೆ ಯಾರಿಗೆ ಎಂಬುದನ್ನು ಇವತ್ತಿಗೂ ಪಕ್ಕದವರ ಮುಖ ನೋಡಿಯೇ ತಿಳಿದುಕೊಳ್ಳುತ್ತೇನೆ. ಆದರೂ ವಾಲಿಬಾಲಿನ ವಿಷಯದಲ್ಲಿ ನಾನು ಕೊಟ್ಟಷ್ಟು ತೀರ್ಪನ್ನು ಯಾವ ರೆಫರಿಯೂ ಕೊಟ್ಟಿರಲಿಕ್ಕಿಲ್ಲ. ಕಾರಣ ಇಷ್ಟೇ: ನನ್ನ ತವರು ಕಂಪ್ಲಿ, ಕೊಟ್ಟ ಮನೆ ಹೊಸಪೇಟೆ. ಗಂಡ ಹೊಸಪೇಟೆಯ ತಂಡಕ್ಕೆ ಪ್ರಾಣ ಬಿಡುವವರು, ತಮ್ಮ ಬಸವರಾಜ ಕಂಪ್ಲಿಯ ತಂಡಕ್ಕೆ. ಇಬ್ಬರೂ ಆಡುವವರಲ್ಲ. ಆಡುವವರಾಗಿದ್ದರೆ ಇಷ್ಟು ಜಗಳ ಆಗುತ್ತಿರಲಿಲ್ಲ. ಆಡುವವರು ಪಂದ್ಯ ಮುಗಿದ ಮೇಲೆ ಕೈ ಕುಲುಕಿ, ಒಂದೇ ಬಂಡಿಯ ಮುಂದೆ ನಿಂತು ಮಿರ್ಚಿ ಮಂಡಕ್ಕಿ ತಿಂದು ಮನೆಗೆ ಹೋಗುತ್ತಾರೆ. ನೋಡುವವರಿಗೆ ಮಾತ್ರ ಪಂದ್ಯ ಮುಗಿಯುವುದೇ ಇಲ್ಲ.

ನಮ್ಮ ಮನೆಯವರನ್ನು ನೀವು ಅಂಗಡಿಯಲ್ಲಿ ನೋಡಬೇಕು. ಪೈಪು, ನಲ್ಲಿ, ಮೊಳೆ ಮಾರುವ ಸಣ್ಣ ಹಾರ್ಡ್‌ವೇರ್ ಅಂಗಡಿ ಅವರದು. ಗಿರಾಕಿ ಒಂದು ವಾಷರ್‌ಗಾಗಿ ಇಡೀ ಡಬ್ಬಿ ಸುರುವಿಸಿ, ಕೊನೆಗೆ ಏನೂ ಕೊಳ್ಳದೆ ಹೊರಟರೂ "ಬರ್ರಿ, ಮತ್ತ ಬರ್ರಿ" ಎನ್ನುವ ಮನುಷ್ಯ. ಸಾರಿಗೆ ಉಪ್ಪು ಹಾಕುವುದನ್ನು ನಾನು ಮರೆತರೂ ಉಂಡು ಕೈ ತೊಳೆದ ಮೇಲೆಯೇ ಬಾಯಿ ಬಿಡುತ್ತಾರೆ. ಇಂಥವರು ಮೈದಾನದ ಅಂಚಿಗೆ ಹೋಗಿ ನಿಂತರೆ ಸಾಕು, ಹೆಗಲ ಮೇಲಿನ ಟವೆಲು ಸೊಂಟಕ್ಕೆ ಇಳಿಯುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ. ಮೊದಲ ಸಲ ನೋಡಿದಾಗ, ಯಪ್ಪಾ, ನನ್ನನ್ನು ಕೊಟ್ಟದ್ದು ಇವರಿಗೇನಾ ಎಂದು ಗಾಬರಿಯಾಗಿತ್ತು. ಈಗ ಅರ್ಥವಾಗುತ್ತದೆ. ಗಿರಾಕಿಯ ಮುಂದೆ, ಬ್ಯಾಂಕಿನವರ ಮುಂದೆ, ನನ್ನ ಮುಂದೆ ವರ್ಷವಿಡೀ ನುಂಗಿಕೊಂಡದ್ದೆಲ್ಲ ಎಲ್ಲಿಯಾದರೂ ಹೊರಗೆ ಬರಬೇಕಲ್ಲ. ಪಾಪ, ಅಪರೂಪಕ್ಕೆ ಒಂದು ಭಾನುವಾರ ಕೂಗಿಕೊಳ್ಳಲಿ ಬಿಡಿ.

ನೋಡುವವರು ಮಾಡುವುದನ್ನೆಲ್ಲ ಕೆಟ್ಟ ನಡತೆ ಎಂದು ಒಂದೇ ಗಂಟು ಕಟ್ಟುವವರಿದ್ದಾರೆ. ಅವರು ಮೈದಾನಕ್ಕೆ ಹೋದವರಲ್ಲ. ಕಂಪ್ಲಿಯವರು ಎದುರಾಳಿ ಸರ್ವಿಸ್ ಮಾಡಲು ನಿಂತಾಗ ಹಲಗೆ ಬಾರಿಸುತ್ತಾರೆ. ಇದು ಬರೀ ಗದ್ದಲ, ಇದಕ್ಕೆ ತಲೆ ಬೇಕಿಲ್ಲ, ತೋಳು ಸಾಕು. ಹೊಸಪೇಟೆಯವರದು ಸ್ವಲ್ಪ ನಾಜೂಕು. ಕಂಪ್ಲಿ ತಂಡದಲ್ಲಿ ಬುಕ್ಕಸಾಗರದ ಒಬ್ಬ ಆಟಗಾರನಿದ್ದ, ಮನೆಯಲ್ಲಿ ಭತ್ತದ ಗದ್ದೆ. ಅವನು ಚೆಂಡು ಎತ್ತಿ ಹಿಡಿದಾಗ ನಮ್ಮ ಮನೆಯವರು ಹಿಂದೆ ನಿಂತು ಅತಿ ಕಾಳಜಿಯಿಂದ ಕೇಳಿದರಂತೆ: "ಲೇ, ಗದ್ದಿಗೆ ನೀರು ಬಿಟ್ಟು ಬಂದೀಯಂತ? ಒಡ್ಡು ಒಡದು ಬಾಜೂ ಹೊಲಕ್ಕ ಹೊಂಟೈತಿ ನೋಡಲೇ!" ಚೆಂಡು ನೆಟ್ಟಿಗೆ ಬಡಿಯಿತು. ಹುಡುಗನ ಮನಸ್ಸು ಕಾಲುವೆಯ ಕಡೆಗೆ ಹೋಗಿಬಿಟ್ಟಿತ್ತು. ಇದು ತಪ್ಪೇ, ಆದರೆ ಕೇಳಿದಾಗ ನಾನು ಸೆರಗು ಬಾಯಿಗಿಟ್ಟು ನಕ್ಕಿದ್ದೇನೆ. ನಗು ಬರಿಸಿದ ತಪ್ಪಿಗೆ ಅರ್ಧ ಶಿಕ್ಷೆ ಸಾಕೆಂದು ನನ್ನ ಮತ.

ಬೀಗರು ಬಂದಾಗೆಲ್ಲ ಅವರನ್ನು ಹಂಪಿಗೆ ಕರೆದುಕೊಂಡು ಹೋಗುವುದು ಹೊಸಪೇಟೆಯ ಸೊಸೆಯಂದಿರ ಪಾಲಿಗೆ ಬಂದ ಕೆಲಸ. ಹಂಪಿ ಬಜಾರಿನಲ್ಲಿ ಅವರು ಬಳೆ, ಚೀಲ ಚೌಕಾಸಿ ಮಾಡಿ ಮುಗಿಸಿದ ಮೇಲೆ ಮಹಾನವಮಿ ದಿಬ್ಬದ ಹತ್ತಿರ ಹೋಗುತ್ತೇವೆ. ದಿಬ್ಬದ ಸುತ್ತ ಕಲ್ಲಿನಲ್ಲಿ ಕುದುರೆ, ಆನೆ, ಬೇಟೆಗಾರರು, ಕುಣಿಯುವವರು, ಒಬ್ಬರನ್ನೊಬ್ಬರು ಬಿಗಿಹಿಡಿದ ಜಟ್ಟಿಗಳು. ನಾನು ಪ್ರತಿ ಸಲ ಹುಡುಕುವುದು ಇವರನ್ನಲ್ಲ, ಸುತ್ತ ನಿಂತು ನೋಡಿದವರನ್ನು. ಅಷ್ಟು ದೊಡ್ಡ ಕುಸ್ತಿ ನಡೆದಾಗ "ಹಿಡೀಲೇ, ಕಾಲು ಹಿಡೀಲೇ" ಎಂದು ಅರಚಿದವನೊಬ್ಬ ಇರಲೇಬೇಕಲ್ಲ? ಸೋತ ಮೇಲೆ ಅಖಾಡದ ಮಣ್ಣೇ ಸರಿಯಿಲ್ಲ ಎಂದವನು? ಶಿಲ್ಪಿ ಅಂಥ ಒಬ್ಬನನ್ನೂ ಕೆತ್ತಿದ್ದು ನನಗಂತೂ ಕಂಡಿಲ್ಲ. ಬಹುಶಃ ಆ ಶಿಲ್ಪಿಗೂ ನನ್ನ ಹಾಗೆ ಎರಡು ಕಡೆ ನೆಂಟರಿದ್ದರು.

ಈಗ ಮೊನ್ನೆಯ ವಿಷಯಕ್ಕೆ ಬರುತ್ತೇನೆ. ಆಷಾಢದ ಒಂದು ಭಾನುವಾರ ಕಂಪ್ಲಿಯಲ್ಲಿ ಪಂದ್ಯ. ಕಡೆಯ ಸೆಟ್ಟು, ಎರಡೂ ಕಡೆ ಸಮಸಮ. ಕಂಪ್ಲಿಯವ ಹೊಡೆದ ಚೆಂಡು ಹೊಸಪೇಟೆಯ ಕಡೆ ಹಿಂದಿನ ಗೆರೆಯ ಹತ್ತಿರ ಬಿತ್ತು. ಒಳಗೆ ಎಂದರು ಕಂಪ್ಲಿಯವರು, ಹೊರಗೆ ಎಂದರು ಹೊಸಪೇಟೆಯವರು. ಲೈನ್ ನೋಡುವವನು ಬಗ್ಗಿ ನೋಡಿದರೆ ಅಲ್ಲಿ ಗೆರೆಯೇ ಇಲ್ಲ, ಸುಣ್ಣವೆಲ್ಲ ಉಜ್ಜಿಹೋಗಿದೆ. ಸರಿ, ಇನ್ನೊಮ್ಮೆ ಆಡಿ ಎಂದರು ರೆಫರಿ. ಹೊಸಪೇಟೆಯ ಆಟಗಾರ ಮೇಲೆ ಹಾರಿ ಇನ್ನೇನು ಚೆಂಡಿಗೆ ಬಡಿಯಬೇಕು, ಅಷ್ಟರಲ್ಲಿ ಪೀಂಯ್ ಎಂದು ಸೀಟಿ. ಎಲ್ಲರೂ ನಿಂತರು. ಚೆಂಡು ತನ್ನ ಪಾಡಿಗೆ ತಾನು ಬಿತ್ತು. ರೆಫರಿಯ ಸೀಟಿ ಅವರ ಕೈಯಲ್ಲೇ ಇತ್ತು, ಅವರು ಊದಿರಲಿಲ್ಲ. ಆಮೇಲೆ ಜನ ಒಳಗೆ ನುಗ್ಗಿದರು, ತಳ್ಳಾಟವಾಯಿತು, ರೆಫರಿ ಬೈಕ್ ಹತ್ತಿ ಹೋಗಿಬಿಟ್ಟರು. ಕಪ್ಪು ಯಾರಿಗೂ ಸಿಗಲಿಲ್ಲ.

ಮನೆಗೆ ಬಂದವರೇ ನಮ್ಮವರು ನನ್ನ ಮುಂದೆ ನಿಂತರು. "ನಿನ್ನ ತಮ್ಮ ಸೀಟಿ ಊದಿದ. ನೀನ ಹೇಳು, ಇದು ಮನುಷ್ಯರು ಮಾಡೋ ಕೆಲಸನ?"

"ಗೆರಿ ಯಾರು ಅಳಿಸಿದ್ರು?" ಎಂದೆ.

"ಆಷಾಢದ ಗಾಳಿ. ಸುಣ್ಣ ಹಾರಿತು. ಅದಕ್ಕ ನಾ ಏನ್ ಮಾಡ್ಲಿ?"

ಹೊಸ್ತಿಲ ಹೊರಗೆ ಬಿಟ್ಟಿದ್ದ ಅವರ ಚಪ್ಪಲಿ ತಿರುವಿ ನೋಡಿದೆ. ಬಲಗಾಲಿನದರ ಅಡಿಯೆಲ್ಲ ಬೆಳ್ಳಗೆ. ಗಾಳಿ ಬಲು ಹುಷಾರಿಯಿಂದ ಅಲ್ಲೇ ಹೋಗಿ ಕೂತಿತ್ತು. ಅಷ್ಟರಲ್ಲಿ ತಮ್ಮನ ಫೋನು. "ಅಕ್ಕಾ, ಮಾಮ ಗೆರಿ ಅಳಿಸಿದ್ರು. ನೀನ ನ್ಯಾಯ ಹೇಳು." ಸೀಟಿಯ ಮಾತೆತ್ತಿದೆ. "ಯಾವ ಸೀಟಿ? ಬಾಜೂ ಮನ್ಯಾಗ ಬ್ಯಾಳಿಗೆ ಕುಕ್ಕರ್ ಇಟ್ಟಿದ್ರವ್ವ, ಅದು ಕೂಗಿರಬೇಕು" ಎಂದ ಪುಣ್ಯಾತ್ಮ.

ಯಾವುದು ಹೆಚ್ಚಿನ ತಪ್ಪು? ಅನ್ನಕ್ಕೆ ಎಸರಿಡುತ್ತಾ, ಬಟ್ಟೆ ಹಿಂಡುತ್ತಾ ನಾನು ಇದನ್ನೇ ಯೋಚಿಸಿದೆ. ಗೆರೆ ಅಳಿಸುವುದು ಗುಟ್ಟಾಗಿ ಮಾಡುವ ಕೆಲಸ, ಅಳಿಸಿದವನಿಗೆ ಕೊಂಚವಾದರೂ ನಾಚಿಕೆ ಉಳಿದಿರುತ್ತದೆ. ಸೀಟಿ ಊದುವುದು ನಾಲ್ಕು ಜನರ ಮುಂದೆ ಮಾಡುವ ಮೋಸ. ಆದರೆ ಸೀಟಿ ಊದಲು ಧೈರ್ಯ ಬೇಕು. ಸಿಕ್ಕಿಬಿದ್ದರೆ ಏಟು ಖಂಡಿತ. ಇನ್ನು ಸೀಟಿಯನ್ನು ಮನೆಯಿಂದಲೇ ಕಿಸೆಯಲ್ಲಿಟ್ಟುಕೊಂಡು ಹೋಗಿದ್ದನಲ್ಲ, ಚಪ್ಪಲಿಯಾದರೋ ಎಲ್ಲರ ಕಾಲಲ್ಲೂ ಇರುವಂಥದು. ಹೀಗೆ ತೂಗಿದಷ್ಟೂ ಎರಡು ತಟ್ಟೆ ಮೇಲೆ ಕೆಳಗೆ ಆಡುತ್ತಿದ್ದವು. ಕೊನೆಗೆ ಇಬ್ಬರಿಗೂ ಒಂದೇ ಮಾತು ಹೇಳಿದೆ: "ಇಬ್ರೂ ಹಗಲುಗಳ್ಳರು. ಸುಮ್ಮ ಕುಂದ್ರಿ."

ಎಂದಿನಂತೆ ಎಂಟು ಹತ್ತು ದಿನಕ್ಕೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಶ್ರಾವಣ ಬಂತು, ನಾಗರಪಂಚಮಿ ಹತ್ತಿರವಾಯಿತು, ಬಸವರಾಜನ ಸುದ್ದಿಯಿಲ್ಲ. ಪ್ರತಿ ವರ್ಷ ಹಬ್ಬಕ್ಕೆ ಮೊದಲು ಅವನೇ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಅಕ್ಕಿ ಗಿರಣಿಯವನು, ಬರುವಾಗ ಒಂದು ಚೀಲ ಸೋನಾಮಸೂರಿ ಹೊತ್ತು ತಂದು, "ಹೊಸಪ್ಯಾಟಿಯವರು ಅನ್ನ ಉಣ್ಣಲಿ ಅಂತ ತಂದೀನಿ" ಎಂದು ನಮ್ಮವರನ್ನು ಕೆಣಕಿ, ಚಹಾ ಕುಡಿದು ನನ್ನ ಚೀಲ ಎತ್ತಿಕೊಳ್ಳುತ್ತಿದ್ದ. ಕಂಪ್ಲಿ ಏನು ದೂರ? ಬಸ್ಸು ಹತ್ತಿದರೆ ನಿದ್ದೆ ಹತ್ತುವಷ್ಟರಲ್ಲಿ ಊರು. ಬೇಕೆಂದಾಗ ನಾನೇ ಹೋಗಿ ಬರುತ್ತೇನೆ. ಆದರೆ ಪಂಚಮಿಗೆ ತಾನಾಗಿ ಹೋಗುವುದು ಬೇರೆ, ತವರಿನವರು ಬಂದು ಕರೆಯುವುದು ಬೇರೆ. ನನ್ನ ಮಗಳು ಕಾಲೇಜಿಗೆ ಹೋಗುತ್ತಾಳೆ, ತಲೆಯಲ್ಲಿ ಬಿಳಿಕೂದಲು ಬಂದಿದೆ, ಆದರೂ ಗೇಟು ಕಿರ್ ಎಂದರೆ ಎದ್ದು ನೋಡುತ್ತಿದ್ದೆ. ನೀವು ನಗಬಹುದು. ನನಗೆ ನಗು ಬರುತ್ತಿರಲಿಲ್ಲ.

ತಡೆಯಲಾರದೆ ತಮ್ಮನ ಹೆಂಡತಿ ಗಿರಿಜಾಗೆ ಫೋನು ಮಾಡಿದೆ. ಅವಳು ಮೊದಲು ಅಡ್ಡಾದಿಡ್ಡಿ ಮಾತಾಡಿದಳು. ಆಮೇಲೆ, "ನಾ ಹೇಳಿದೆ ಅಂತ ಹೇಳಬ್ಯಾಡ್ರಿ ಅಕ್ಕಾರ" ಎಂದು ಬಿಡಿಸಿ ಹೇಳಿದಳು. ಅವತ್ತು ತಳ್ಳಾಟದಲ್ಲಿ ನಮ್ಮ ಮನೆಯವರು ಎಲ್ಲರ ಎದುರಿಗೆ, "ಲೇ ಬಸ್ಯಾ, ಹೆಣ್ಣು ಕೊಟ್ಟೋರು ನೀವು, ತಗ್ಗಿ ನಡೀರಿ" ಎಂದಿದ್ದಾರೆ. ಅದಕ್ಕೆ ನನ್ನ ತಮ್ಮ, "ಹಂಗಾರ ವಾಪಸ್ ಕಳಿಸ್ರಿ, ನಮ್ಮಕ್ಕನ್ನ ನಾವು ಸಾಕ್ತೀವಿ" ಎಂದಿದ್ದಾನೆ. ಕರೆಯಲು ಬಂದರೆ ತಗ್ಗಿದ ಹಾಗೆ ಎಂದು ಈಗ ಗಿರಣಿ ಬಿಟ್ಟು ಅಲ್ಲಾಡುತ್ತಿಲ್ಲವಂತೆ.

ನಾನು ಗೆರೆ, ಸೀಟಿ ಎಂದು ತೂಗುತ್ತಾ ಕೂತಿದ್ದೆನಲ್ಲ, ನಿಜಕ್ಕೂ ತೂಗಬೇಕಾದ್ದನ್ನು ಇಬ್ಬರೂ ಮುಚ್ಚಿಟ್ಟಿದ್ದರು. ಅಳು ಬಂತು, ಅತ್ತುಬಿಟ್ಟೆ. ಅವತ್ತು ಮನೆಯವರು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಗೆರಿ ಅಳಿಸಿದ್ದು ಆಟ. ಸೀಟಿ ಊದಿದ್ದೂ ಆಟ. ನಡುವ ನನ್ನ ಯಾಕ ಚೆಂಡು ಮಾಡಿದ್ರಿ? ಅಕಡಿಂದ ಇಕಡಿ, ಇಕಡಿಂದ ಅಕಡಿ?"

ಅವರ ಕೈ ತಾಟಿನಲ್ಲೇ ಉಳಿಯಿತು. "ಬಾಯಿ ತಪ್ಪಿ ಬಂತು" ಎಂದರು.

"ಬಾಯಿ ತಪ್ಪಿ ಗಿರಾಕಿಗೆ ಒಂದು ಮಾತು ಅಂದವರಲ್ಲ ನೀವು" ಎಂದೆ. ಮರುದಿನ ಬೆಳಿಗ್ಗೆ ನಾನೇ ಚೀಲ ಹಿಡಿದು ಬಸ್ಸು ಹತ್ತಿದೆ. ಕಮಲಾಪುರ ದಾಟಿ ಕಬ್ಬು, ಬಾಳೆ, ನಾಟಿ ಮಾಡಿದ ಗದ್ದೆ ಎಲ್ಲ ಕಣ್ಣ ಮುಂದೆ ಹೋದವು, ಒಂದನ್ನೂ ನೋಡಲಿಲ್ಲ.

ಬಾಗಿಲಲ್ಲಿ ಅವ್ವ, "ಯಾರು ಕರ್ಕೊಂಡ್ ಬಂದ್ರು ತಾಯಿ?" ಎಂದಳು.

"ಕಂಡಕ್ಟರ್" ಎಂದೆ.

ಒಳಗಿದ್ದ ಬಸವರಾಜನಿಗೆ ಅದು ಕೇಳಿಸಿತು. ತಲೆ ಎತ್ತಲಿಲ್ಲ. ಗಿರಿಜಾ ಮಾತ್ರ ನೀರು ಕೊಟ್ಟು ಕೈ ಹಿಡಿದುಕೊಂಡಳು. ಸಂಡೂರಿನ ಹುಡುಗಿ ಅವಳು. ನಾನು ಹಬ್ಬ ಮುಗಿಸಿ ಹೊರಟ ಮೇಲೆ ಅವಳ ಅಣ್ಣ ಬಂದು ಅವಳನ್ನು ಕರೆದೊಯ್ಯುವುದು ನಮ್ಮ ಮನೆಯ ರೂಢಿ. ನಾನು ಬಾರದಿದ್ದರೆ ಅವಳ ತವರೂ ತಪ್ಪುತ್ತಿತ್ತು ಎಂಬುದು ನನಗೆ ಆಗಲೇ ಹೊಳೆದದ್ದು.

ಹಾಲೆರೆಯುವ ದಿನ ಎಲ್ಲರೂ ಮಣ್ಣಿನ ನಾಗಪ್ಪನ ಮುಂದೆ ಕೂತೆವು. ಕೊಬ್ಬರಿ ಬಟ್ಟಲಿನಲ್ಲಿ ಬೆಲ್ಲ, ಮೇಲೆ ಹಾಲು. ಮನೆಯವರ ಒಬ್ಬೊಬ್ಬರ ಹೆಸರಿನಲ್ಲೂ ಪಾಲು ಹೇಳಿ ಎರೆಯಬೇಕು. ನಾನು ಎರೆದೆ: "ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಗಿರಿಜಾನ ಪಾಲು, ಮಗಳ ಪಾಲು." ಅಲ್ಲಿಗೆ ಕೈ ನಿಂತಿತು. ಹಿಂದೆ ಬಸವರಾಜ ಕತ್ತು ಚಾಚಿ ಕೂತಿದ್ದಾನೆ. ತನ್ನ ಪಾಲು ಬರುತ್ತದೋ ಇಲ್ಲವೋ ಎಂಬ ಸಂಶಯ. ಸಣ್ಣವನಿದ್ದಾಗ ನನ್ನ ಸೆರಗು ಹಿಡಿದು "ನಂದು ಹೇಳಕ್ಕಾ, ನಂದು ಹೇಳು" ಎನ್ನುತ್ತಿದ್ದವನು. ಸಿಟ್ಟೆಲ್ಲ ಎಲ್ಲಿ ಹೋಯಿತೋ ಏನೋ. "ಗೆರಿ ಅಳಿಸಿದವರ ಪಾಲು" ಎಂದು ಒಂದು ಬಟ್ಟಲು, "ಸೀಟಿ ಊದಿದವನ ಪಾಲು" ಎಂದು ಇನ್ನೊಂದು ಬಟ್ಟಲು ಎರೆದುಬಿಟ್ಟೆ. ಅವ್ವನಿಗೆ ಏನೂ ತಿಳಿಯಲಿಲ್ಲ. ಬಸವರಾಜ ಮೊದಲು ನಕ್ಕ, ಆಮೇಲೆ ಕಣ್ಣೊರೆಸಿಕೊಳ್ಳುತ್ತಾ ಹಿತ್ತಲಿಗೆ ಹೋದ.

ಹಬ್ಬ ಕಳೆದ ಮೇಲೆ ನಮ್ಮ ಮನೆಯವರು ಬಂದರು. ಯಾರೂ ಕರೆದಿರಲಿಲ್ಲ. ಹೊಸ್ತಿಲ ಹೊರಗೇ ನಿಂತು, ಹುಟ್ಟಿದಾಗಿನಿಂದ ಕಂಡವರಂತೆ ಲೇ ಬಸ್ಯಾ ಎನ್ನುತ್ತಿದ್ದವರು, "ಬಸವರಾಜಾರ, ನಿಮ್ಮ ಅಕ್ಕಾರನ್ನ ಕಳಿಸಿಕೊಡ್ತೀರೇನ್ರಿ?" ಎಂದರು. ಹೆಣ್ಣು ಕೊಟ್ಟವರು ತಗ್ಗಬೇಕು ಎಂದ ಮನುಷ್ಯ, ಹೆಣ್ಣು ತಂದವರಾಗಿ ತಾವೇ ಇಷ್ಟು ತಗ್ಗಿದ್ದನ್ನು ನಾನು ಕಂಡಿರಲಿಲ್ಲ.

ಬಸವರಾಜ ಎದ್ದು ಹೋಗಿ ಕೈ ಹಿಡಿದು ಒಳಗೆ ತಂದ. "ಕುಂದ್ರಿ ಮಾಮ. ಮೊದ್ಲು ಹೇಳ್ರಿ, ಚೆಂಡು ಒಳಗಿತ್ತೋ, ಹೊರಗೋ?"

ನಮ್ಮವರು ಗೋಡೆ ನೋಡಿದರು, ಸೂರು ನೋಡಿದರು. ಅಭಿಮಾನಿಯಾದವನ ಬಾಯಿಂದ ಇದಕ್ಕಿಂತ ಕಷ್ಟದ ಮಾತು ಹೊರಡುವುದಿಲ್ಲ. "ಗೆರಿ ಮ್ಯಾಲ ಬಿದ್ದಿತ್ತು" ಎಂದರು. ಗೆರೆಯ ಮೇಲೆ ಬಿದ್ದರೆ ಒಳಗೆಂದೇ ಲೆಕ್ಕವಂತೆ.

"ಕುಕ್ಕರ್ ನಂದ ಮಾಮ" ಎಂದ ಇವನು.

ಮುಗಿಯಿತು. ಮನೆಯ ಅಳಿಯ ಬಂದಿದ್ದಾನೆಂದು ಗಿರಿಜಾ ಹೋಳಿಗೆ ಮಾಡಿದಳು. ಇಬ್ಬರೂ ಅಕ್ಕಪಕ್ಕ ಉಣ್ಣಲು ಕೂತರು. ಹೊಟ್ಟೆ ತಣ್ಣಗಾದಂತೆ ಮಾತು ಬೆಳೆಯಿತು. ನಾವಿಬ್ಬರೂ ಅಷ್ಟೇನೂ ಕೆಟ್ಟವರಲ್ಲ ಎಂಬಲ್ಲಿಗೆ ಬಂತು. ಹಾಗಾದರೆ ಕೆಟ್ಟವರು ಯಾರು?

"ಸಂಡೂರಿನವರು" ಎಂದರು ನಮ್ಮವರು. "ಅವರು ಬಯ್ಯಂಗಿಲ್ಲ, ಬಡಿಯಂಗಿಲ್ಲ. ಗೆದ್ದ ಮ್ಯಾಲ ಸೋತವರನ್ನ ಹುಡಿಕ್ಯಾಡಿ ಪೇಢಾ ಕೊಡ್ತಾರ."

"ಕೊಟ್ಟು, 'ಭಾಳ ಚಲೋ ಆಡಿದ್ರಿ' ಅಂತಾರ" ಎಂದ ಬಸವರಾಜ. "ಆ ನಗು ನೋಡಾಕಾಗಂಗಿಲ್ಲ ಮಾಮ. ಅದರ ಬದ್ಲಿ ನಾಕು ಏಟು ಹೊಡೀಲಿ."

"ಆ ಊರ ಮಂದಿನ ಹಂಗ."

ಇಷ್ಟು ಹೇಳಿ ತಲೆ ಎತ್ತಿದರೆ ಹೋಳಿಗೆಯ ತಾಟು ಹಿಡಿದು ಗಿರಿಜಾ ನಿಂತಿದ್ದಾಳೆ. ಪಾಪ, ಮತ್ತೆ ಅದೇ ತಪ್ಪು, ಮನೆಯ ಹೆಣ್ಣಿನ ತವರನ್ನು ಆಟಕ್ಕೆ ಎಳೆದದ್ದು, ಅದೂ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ. ಅವಳು ಸಿಟ್ಟಾಗಲಿಲ್ಲ. ಬಗ್ಗಿ ಒಬ್ಬೊಬ್ಬರಿಗೂ ಇನ್ನೊಂದು ಹೋಳಿಗೆ ಬಡಿಸಿದಳು, ಮೇಲೆ ಧಾರಾಳವಾಗಿ ತುಪ್ಪ ಹಾಕಿದಳು, ಮುಖ ತುಂಬ ನಕ್ಕಳು.

"ಭಾಳ ಚಲೋ ಆಡಿದ್ರಿ ಇಬ್ರೂ" ಎಂದಳು. "ನಾಳೆ ನಮ್ಮಣ್ಣ ಬರ್ತಾನ ನನ್ನ ಕರಿಯಾಕ. ಅವನ ಮುಂದೂ ಹಿಂಗ ಆಡ್ರಿ."

ಇಬ್ಬರೂ ಒಟ್ಟಿಗೆ ನನ್ನ ಮುಖ ನೋಡಿದರು, ಏನಾದರೂ ತೀರ್ಪು ಕೊಟ್ಟು ಕಾಪಾಡಲಿ ಎಂಬಂತೆ. ನಾನು ನನ್ನ ತಾಟು ಎತ್ತಿಕೊಂಡು ಗಿರಿಜಾಳ ಹಿಂದೆಯೇ ಅಡುಗೆಮನೆಗೆ ಹೋಗಿ ಅವಳ ಪಕ್ಕದಲ್ಲಿ ಕೂತೆ. ಇಷ್ಟು ವರ್ಷ ಯಾರ ಕಡೆಯೂ ಇಲ್ಲದವಳು, ಅವತ್ತಿನಿಂದ ನಾನು ಸಂಡೂರಿನ ಕಡೆ.