ಸಂಜೆಯ ಕಥೆ ಮುಂಜಾನೆಗೇ

ಟಿವಿಯಲ್ಲಿ ಜಾಹೀರಾತು ಬಂದರೆ ನೀವು ಸಿಡುಕುತ್ತೀರಿ. ಮಸ್ಕಿಯ ನಮ್ಮ ಓಣಿಯಲ್ಲಿ ಅದು ದಿನಾ ಸಂಜೆಯ ಹಬ್ಬ. ಧಾರಾವಾಹಿ ಕುತೂಹಲದ ತುದಿ ಮುಟ್ಟಿದ ಗಳಿಗೆಯಲ್ಲಿ ನಿಂತು ಸಾಬೂನಿನ ಜಾಹೀರಾತು ಶುರುವಾಯಿತೆಂದರೆ, ಎರಡೂ ಸಾಲಿನ ಮನೆಗಳ ಬಾಗಿಲು ಒಮ್ಮೆಗೇ ತೆರೆಯುತ್ತವೆ. ಹೆಂಗಸರು ಹೊಸ್ತಿಲಿಗೆ ಬರುತ್ತಾರೆ. "ನೋಡಿದೇನವ್ವಾ ಆ ಅತ್ತಿ ಆಟ?" ಎಂದು ಒಬ್ಬಾಕೆ ಕೂಗಿದರೆ, "ಆಕಿ ಕೈಯಾಗ ಹುಳ ಬೀಳ್ಲಿ!" ಎಂದು ಇನ್ನೊಂದು ಕಡೆಯಿಂದ ತೀರ್ಪು ಬರುತ್ತದೆ. ಸಾಬೂನು ಮುಗಿದು ಕಥೆ ಶುರುವಾದ ಸದ್ದಿಗೆ ಎಲ್ಲರೂ ಒಳಗೋಡುತ್ತಾರೆ. ಈ ಸಭೆಗೆ ಎದುರು ಮನೆಯ ಹುಲಿಗೆಮ್ಮ ಅಧ್ಯಕ್ಷೆ. ನನ್ನ ಹೆಂಡತಿ ಶರಣಮ್ಮ ಆಕೆಯ ಬಲಗೈ.

ಇಂಥ ಚೆಂದದ ಏರ್ಪಾಡಿಗೆ ಕಲ್ಲು ಹಾಕಿದವನು ನಾನು. ಲಿಂಗಸುಗೂರಿನ ಕಚೇರಿಯೊಂದರಲ್ಲಿ ನಾನು ಗುಮಾಸ್ತ, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಬಸ್ಸಿನಲ್ಲಿ ಮನುಷ್ಯರಿಗೆ ಟಿಕೆಟ್ ಉಂಟು, ಸಲಹೆಗಳಿಗಿಲ್ಲ. ಒಂದು ದಿನ ಪಕ್ಕದಲ್ಲಿ ಕೂತ ಸಹೋದ್ಯೋಗಿ ನನ್ನ ಮೇಲೆ ಮರುಕಪಟ್ಟ. "ಇನ್ನೂ ಕೇಬಲ್ಲಿಗೆ ರೊಕ್ಕ ಕಟ್ಟಾಕತ್ತೀರೇನ್ರಿ ಸರ? ನೂರಾರು ಚಾನೆಲ್ ಕೊಡ್ತಾರ, ನೀವು ನೋಡೂವು ನಾಕು. ಉಳಿದದ್ದಕ್ಕ ಯಾಕ ಕಂದಾಯ ಕಟ್ತೀರಿ?"

ಆಮೇಲೆ ಧಾರಾವಾಹಿ ತೋರಿಸುವ ಆ್ಯಪೊಂದರ ಗುಣಗಾನ ಶುರುವಾಯಿತು. ವರ್ಷಕ್ಕೊಮ್ಮೆ ಚಂದಾ ಕಟ್ಟಿದರಾಯಿತು. ಬೇಕಾದಾಗ ನೋಡಬಹುದು, ಒಗ್ಗರಣೆ ಹೊತ್ತುವಂತಿದ್ದರೆ ನಿಲ್ಲಿಸಿ ಹೋಗಬಹುದು, ಜಾಹೀರಾತಿನ ಕಾಟವಿಲ್ಲ, ಗಾಳಿಗೆ ವೈರು ಹರಿದೀತೆಂಬ ಚಿಂತೆಯಿಲ್ಲ. ಮನೆ ಮುಟ್ಟುವುದರೊಳಗೆ ನಾನು ಶ್ರೀಮಂತನಾಗಿದ್ದೆ. ಇಂಟರ್ನೆಟ್ಟಿಗೆ ಬೇರೆ ರೊಕ್ಕ ಕಟ್ಟಬೇಕೆಂಬುದನ್ನು ನನ್ನ ಲೆಕ್ಕ ಜಾಣತನದಿಂದ ಮರೆತಿತ್ತು. ಮುಂದಿನ ಭಾನುವಾರ ಸಿಂಧನೂರಿಗೆ ಹೋಗಿ ಸ್ಮಾರ್ಟ್ ಟಿವಿ ತಂದೆ. ಸಣ್ಣದು ಸಾಕೆಂದುಕೊಂಡೇ ಹೋಗಿದ್ದೆ. ಆದರೆ ಅದು ಭತ್ತದ ಸುಗ್ಗಿ ಕಂಡ ಊರು, ಅಲ್ಲಿಯ ಅಂಗಡಿಗಳಲ್ಲಿ ಸಣ್ಣ ಟಿವಿ ಕೇಳಲು ಬಾಯೇ ಬರುವುದಿಲ್ಲ.

ಕೇಬಲ್ ತೆಗೆಸುತ್ತೇನೆಂದಾಗ ಶರಣಮ್ಮ ಮೂಗು ಮುರಿದಳು. ಮಸ್ಕಿಯವರಾದ ನಾವು ವಾದದಲ್ಲಿ ಸೋಲುವ ಹಾಗಾದರೆ ನಮ್ಮೂರಿನ ಶಾಸನದ ಬಂಡೆಯನ್ನು ಅಡ್ಡ ತರುತ್ತೇವೆ. ನಾನೂ ತಂದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಚಕ್ರವರ್ತಿಯೊಬ್ಬ ತನ್ನ ಮಾತನ್ನು ಅದರ ಮೇಲೆ ಕೆತ್ತಿಸಿದ. ಬೇಕಾದಾಗ ಹೋಗಿ ಓದಬಹುದು, ನಡುವೆ ನಿಲ್ಲಿಸಿ ಎಲೆ ಅಡಿಕೆ ಹಾಕಿಕೊಳ್ಳಬಹುದು, ಜಾಹೀರಾತಂತೂ ಇಲ್ಲವೇ ಇಲ್ಲ. ಹಾಗಾಗಿ ಈ ಆ್ಯಪಿನ ಮೂಲಪುರುಷ ನಮ್ಮೂರಿನಲ್ಲೇ ಇದ್ದಾನೆ ಎಂದು ಸಾಧಿಸಿದೆ. ಚಕ್ರವರ್ತಿಯ ಮುಂದೆ ಆಕೆ ಸುಮ್ಮನಾದಳು.

ಸುಮ್ಮನಿದ್ದದ್ದು ಒಂದೇ ವಾರ. ಪುಂಡಿಪಲ್ಲೆಯ ಸೊಪ್ಪು ಸೋಸುತ್ತ ರಿಮೋಟು ಒತ್ತುತ್ತಿದ್ದ ಶರಣಮ್ಮ ಒಂದು ಮುಂಜಾನೆ ನನ್ನನ್ನು ಕೂಗಿ ಕರೆದಳು. ಸಂಜೆ ಟಿವಿಗೆ ಬರಬೇಕಾದ ಕಂತನ್ನು ಆ್ಯಪು ಚಂದಾದಾರರಿಗೆ ಮುಂಜಾನೆಯೇ ತೋರಿಸುತ್ತಿತ್ತು! ಅಂದಿನಿಂದ ನಮ್ಮ ಮನೆ ಜ್ಯೋತಿಷಿಯ ಮನೆಯಾಯಿತು. ಹೆಂಗಸರು ಸಕ್ಕರೆ ಕೇಳುವ ನೆಪದಲ್ಲಿ ಬಂದು ಧಾರಾವಾಹಿಯ ಸೊಸೆಯ ಭವಿಷ್ಯ ಕೇಳಿಕೊಂಡು ಹೋದರು. ಶರಣಮ್ಮ ಅರ್ಧ ಹೇಳಿ ಅರ್ಧ ನುಂಗಿ, ತುಟಿಯಂಚಿನಲ್ಲಿ ನಗುತ್ತಿದ್ದಳು. ಅವಳ ನಗು ಕಂಡು ನನಗೂ ಚಂದಾ ಸಾರ್ಥಕವಾಯಿತೆನಿಸುತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಆ ಸೊಸೆಯನ್ನು ಮನೆಯಿಂದ ಹೊರಹಾಕುವ ದಿನ ಬಂತು. ಇಡೀ ಓಣಿ ಸಂಜೆಗಾಗಿ ಉಸಿರು ಬಿಗಿಹಿಡಿದಿತ್ತು. ಮಧ್ಯಾಹ್ನ ನಳದ ಹತ್ತಿರ ಶರಣಮ್ಮನ ಬಾಯಿ ತಡೆಯಲಿಲ್ಲ. "ಆಕಿ ಎಲ್ಲೂ ಹೋಗಂಗಿಲ್ಲ ಬಿಡ್ರೆವ್ವಾ, ಗಂಡ ಬಂದು ಅಡ್ಡ ನಿಂದರ್ತಾನ" ಎಂದುಬಿಟ್ಟಳು.

ಹುಲಿಗೆಮ್ಮ ಕೊಡ ಕೆಳಗಿಟ್ಟಳು. "ಮುಂಜಾನಿಂದ ಎದಿ ಹೊಡ್ಕೊಳ್ಳಾಕತ್ತಿತ್ತಬೇ ನನಗ. ಎಲ್ಲಾ ಹಾಳು ಮಾಡಿದೆಲ್ಲ! ನಿನಗ ಎಲ್ಲಾ ಗೊತ್ತೈತಿ, ನಿನ್ನ ಕೂಡ ಇನ್ನೇನು ಮಾತಾಡೋದು?"

ಅಂದು ಸಂಜೆಯಿಂದ ಜಾಹೀರಾತಿನ ಸಭೆಯಲ್ಲಿ ಶರಣಮ್ಮನಿಗೆ ಜಾಗವಿಲ್ಲದಾಯಿತು. ನಮ್ಮ ಟಿವಿಯಲ್ಲಿ ಜಾಹೀರಾತೇ ಇಲ್ಲವಾದ್ದರಿಂದ ಯಾವಾಗ ಹೊರಗೆ ಬರಬೇಕೆಂಬುದೂ ಅವಳಿಗೆ ತಿಳಿಯದು. ಕಿಟಕಿಯಲ್ಲಿ ನಿಂತು, ಎದುರು ಬಾಗಿಲು ತೆರೆದದ್ದು ಕಂಡು ಹೊಸ್ತಿಲಿಗೆ ಓಡುತ್ತಿದ್ದಳು. "ಶರಣಮ್ಮ ಬಂದ್ಲು, ಸುಮ್ನಿರ್ರಿ" ಎಂದು ಯಾರೋ ಅನ್ನುತ್ತಿದ್ದರು, ಮಾತು ನಿಂತುಹೋಗುತ್ತಿತ್ತು. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಬರುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

"ರೀ, ಕೇಬಲ್ ಹಾಕಿಸ್ರಿ" ಎಂದಳು ಕೊನೆಗೆ. ನಾನು ಮತ್ತೆ ಸೌಲಭ್ಯಗಳ ಪಟ್ಟಿ ಬಿಚ್ಚಿದೆ. ಬೇಕಾದಲ್ಲಿ ನಿಲ್ಲಿಸಬಹುದಲ್ಲ ಎಂದೆ.

"ನಿಲ್ಸಿ ಏನ್ ಮಾಡ್ಲಿ? ನಾ ನಿಲ್ಸಿದ್ರ ಓಣಿ ನಿಲ್ತೈತೇನು?"

ನಾನು ಮತ್ತೆ ಶಾಸನದ ಬಂಡೆಯನ್ನು ಅಡ್ಡ ತರಲು ಹೊರಟೆ. ಯೋಚಿಸಿದರೆ ಆ ಬಂಡೆ ಅವಳ ಪಕ್ಷಕ್ಕೇ ವಾಲುತ್ತಿತ್ತು. ಆ ಕಾಲದಲ್ಲಿ ಓದು ಬರುತ್ತಿದ್ದವರು ಎಷ್ಟು ಜನ? ಯಾರೋ ಒಬ್ಬ ನಿಂತು ಗಟ್ಟಿಯಾಗಿ ಓದಿರಬೇಕು, ಉಳಿದವರು ಸುತ್ತ ನೆರೆದು ಕೇಳಿ, ತಮ್ಮ ತಮ್ಮೊಳಗೆ ಚಕ್ರವರ್ತಿಯನ್ನು ಹೊಗಳಿಯೋ ಬೈದೋ ಮನೆಗೆ ಹೋಗಿರಬೇಕು. ಅಂದಮೇಲೆ ಅದು ಕೇಬಲ್ಲೇ.

ಮರುದಿನವೇ ಕೇಬಲ್ಲಿನ ರಫೀಕ್ ನಗುನಗುತ್ತ ಬಂದು ವೈರು ಜೋಡಿಸಿದ. ಈಗ ನಾನು ಎರಡಕ್ಕೂ ರೊಕ್ಕ ಕಟ್ಟುವ ಜಾಣ. ಶರಣಮ್ಮ ಹುಲಿಗೆಮ್ಮನ ಮನೆಗೆ ಬಿಸಿ ಹೋಳಿಗೆ ಕೊಟ್ಟು, ಸಂಜೆಯ ಕಥೆಯ ಬಗ್ಗೆ ಸಂಜೆಗೆ ಮುಂಚೆ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟು ಬಂದಳು. ಬಾಯಿ ಬಿಡುವುದಿಲ್ಲ ಎಂದಳೇ ಹೊರತು ನೋಡುವುದಿಲ್ಲ ಎನ್ನಲಿಲ್ಲ, ಗಮನಿಸಿ.

ಮೊನ್ನೆ ಧಾರಾವಾಹಿಯಲ್ಲಿ ಸೊಸೆ ತವರಿಗೆ ಹೊರಟಳು. ಮುಂಜಾನೆ ಶರಣಮ್ಮ ಅದನ್ನು ಆ್ಯಪಿನಲ್ಲಿ ನೋಡುವಾಗ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಕಣ್ಣು ಪರದೆಯ ಮೇಲೆ, ಕೈ ಪುಂಡಿಪಲ್ಲೆಯ ಮೇಲೆ, ಒಂದು ಹನಿ ಕಣ್ಣೀರಿಲ್ಲ. ಸಂಜೆ ಅದೇ ದೃಶ್ಯ ಮತ್ತೆ ಬಂತು. ಸಾಬೂನು ಶುರುವಾದೊಡನೆ ಬಾಗಿಲುಗಳು ತೆರೆದವು. ನೋಡಿದರೆ ಹುಲಿಗೆಮ್ಮ ಆ ಹೊಸ್ತಿಲಲ್ಲಿ, ನಮ್ಮಾಕೆ ಈ ಹೊಸ್ತಿಲಲ್ಲಿ, ಇಬ್ಬರೂ ಸೆರಗು ಮೂಗಿಗೊತ್ತಿ ಗಳಗಳ ಅಳುತ್ತಿದ್ದಾರೆ.

ನಾನು ಹಿಂದೆ ಹೋಗಿ ಮೆಲ್ಲಗೆ ಕೇಳಿದೆ: "ಮುಂಜಾನಿ ನೋಡಿದಾಗ ಅಳಲಿಲ್ಲಲ್ಲಬೇ?"

"ಮುಂಜಾನಿ ಒಬ್ಬಾಕೀನೇ ಇದ್ನೆಲ್ರಿ" ಎಂದಳು, ಮೂಗು ಒರೆಸಿಕೊಳ್ಳುತ್ತ. "ಒಬ್ಬಾಕೀನೇ ಕುಂತು ಹೆಂಗ ಅಳಾಕ ಬರ್ತೈತಿ?"

ಅಷ್ಟರಲ್ಲಿ ಸಾಬೂನು ಮುಗಿಯಿತು. ಅಳುಮೋರೆಯಲ್ಲೇ ನಗುತ್ತ ಅವಳು ಒಳಗೆ ಓಡಿದಳು, ಅವಳ ಹಿಂದೆಯೇ ನಾನೂ.