ಕೊಟ್ಟಿಗೆಯ ಕತ್ತಲಿಗೆ ನಾಲ್ಕು ಟಾರ್ಚು

ಆ ಶನಿವಾರವೂ ಎಂದಿನಂತೆ ಡಿಕಾಕ್ಷನ್ ಇಳಿಸಿ, ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುತ್ತಿದ್ದೆ. ದೋಸೆ ಮಗುಚುವಾಗಲೆಲ್ಲ ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿದ್ದುದೊಂದೇ ಹೊಸದು. ಡಲ್ಲಾಸಿನ ಒಂದು ಮ್ಯೂಸಿಯಮ್ಮಿನಲ್ಲಿ ವಾಲಂಟಿಯರ್ ಗೈಡ್ ಆಗಲು ಅಂದು ನನಗೆ ಪರೀಕ್ಷೆ. ಕೇಳುಗರನ್ನು ನಾನೇ ಕರೆದೊಯ್ದು, ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀಚಿ ಕಾಗದಕ್ಕೆ ಅಚ್ಚೊತ್ತಿದ ಹಳೆಯ ಡಚ್ ಎಚ್ಚಿಂಗ್‌ಗಳನ್ನು ವಿವರಿಸಬೇಕು. ಮೇಲ್ವಿಚಾರಕಿ ಹಿಂದೆ ನಿಂತು ನೋಡುತ್ತಾರೆ.

ಅಂಥದೊಂದು ಚಿತ್ರದ ನಕಲು ನಾನು ಚಿಕ್ಕಂದಿನಲ್ಲಿ ಓದಿದ ಕಾನ್ವೆಂಟಿನ ಕಾರಿಡಾರಿನಲ್ಲಿತ್ತು. ಸಿಸ್ಟರ್ ಒರೆಸಲು ಹೇಳಿದ್ದರು. ನಾನು ಎಷ್ಟು ಉಜ್ಜಿದರೂ ಕಪ್ಪು ಹೋಗಿರಲಿಲ್ಲ. ಅಂದಿನಿಂದಲೂ ಆ ಕಪ್ಪಿನ ಮೇಲೆ ನನಗೆ ಆಸೆ. ಈ ಕೆಲಸ ಸಿಗಲೇಬೇಕಿತ್ತು.

ಕೇಳುಗರೆಂದರೆ ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ, ನಾವಿರುವ ಪ್ಲೇನೋ ಊರಿನಲ್ಲಿ ಅವರೊಡನೆ ವಾಕಿಂಗ್ ಹೋಗುವ ಮೂವರು ಆಂಟಿಯರು.

ಹಳೆಯ ಕಾಗದಕ್ಕೆ ಬೆಳಕು ಆಗದೆಂದು ಆ ಕೋಣೆಯಲ್ಲಿ ದೀಪ ಮಂದವಾಗಿತ್ತು. ಮೊದಲ ಚಿತ್ರ ಏಸು ಹುಟ್ಟಿದ ಕೊಟ್ಟಿಗೆಯದು. ಅಂಗೈಯಗಲದ ರಾತ್ರಿ, ನಡುವೆ ಒಂದು ಲಾಟೀನು. ನಾನು ಭಾಷಣ ಶುರುಮಾಡಿದೆ. ನಾಲ್ವರೂ ಕೈಮುಗಿದು ನಿಂತರು. ನನ್ನ ಇಂಗ್ಲಿಷಿಗೆ ಮಾರುಹೋದರೆಂದುಕೊಂಡೆ.

"ಮುಖವೇ ಕಾಣಿಸ್ತಿಲ್ವಲ್ಲೇ," ಎಂದರು ಅತ್ತೆ. "ಮಂಗಳಾರತಿ ಎತ್ತಿದ್ರೆ ಕಾಣುತ್ತೆ, ತಾಳು." ಫೋನಿನ ಟಾರ್ಚು ಹಚ್ಚಿ ಚಿತ್ರದ ಮುಂದೆ ಬಲಕ್ಕೆ ಸುತ್ತಿಸತೊಡಗಿದರು. ಅವರು ಎತ್ತಿದ ಮೇಲೆ ಉಳಿದವರು ಬಿಡುತ್ತಾರೆಯೇ? ನಾಲ್ಕು ಟಾರ್ಚು.

"ಗಾಜಲ್ಲಿ ನಾನೇ ಕಾಣಿಸ್ತಿದೀನಿ," ಎಂದರು ಒಬ್ಬ ಆಂಟಿ.

ಗಾರ್ಡ್ ಓಡಿಬಂದ. ಮೇಲ್ವಿಚಾರಕಿ ಕನ್ನಡಕ ತೆಗೆದರು. ಬೆಳಿಗ್ಗೆಯಿಂದ ಕೂಡಿಟ್ಟ ಇಂಗ್ಲಿಷೆಲ್ಲ ನನ್ನ ಬಾಯಿಂದ ಹಾರಿಹೋಯಿತು.

"ಅತ್ತೆ, ಆರಿಸಿ. ಬಿಸಿಲಿಂದ ಬಂದು ಗರ್ಭಗುಡಿ ಮುಂದೆ ನಿಂತ ತಕ್ಷಣ ಏನಾದ್ರೂ ಕಾಣುತ್ತಾ? ಸ್ವಲ್ಪ ತಡೀಬೇಕು."

ತಡೆದರು. ಕಣ್ಣು ಪಳಗಿತು.

"ಹಸು ಇದೆ."

"ಕತ್ತೆ ಕಣ್ರೀ ಅದು. ಕಿವಿ ನೋಡಿ."

"ಬಾಣಂತಿಗೆ ಇನ್ನೊಂದು ಕಂಬಳಿ ಹೊದಿಸ್ಬಾರ್ದಾ," ಎಂದು ಅತ್ತೆ ಮುಂದೆ ಬಾಗಿದರು.

ಲಾಟೀನಿನ ಬೆಳಕನ್ನು ಯಾರೂ ಬರೆದಿಲ್ಲ, ತಗಡಿಗೆ ಸೂಜಿ ಮುಟ್ಟಿಸದ ಕಡೆ ಉಳಿದ ಬರೀ ಕಾಗದ ಅದು, ಸುತ್ತಲಿನ ಕತ್ತಲೆಗೇ ಗೆರೆಯ ಮೇಲೆ ಗೆರೆ ಗೀಚಿದ್ದಾರೆ ಎಂದೆ.

"ಅಂದ್ರೆ ಕತ್ತಲೇಗೇ ಕೆಲಸ ಜಾಸ್ತಿ," ಎಂದರು ಅತ್ತೆ. ನಾನು ಬಾಯಿಪಾಠ ಮಾಡಿದ್ದ ಎರಡು ಪುಟದಲ್ಲಿ ಇಷ್ಟು ಚೆನ್ನಾದ ಮಾತಿರಲಿಲ್ಲ.

ಕತ್ತೆಯೋ ಹಸುವೋ ಎಂಬ ವಾದ ಮುಗಿಯುವಷ್ಟರಲ್ಲಿ ಸಮಯವೂ ಮುಗಿದಿತ್ತು. ಉಳಿದ ಚಿತ್ರಗಳು ಹಾಗೇ ಉಳಿದವು. ನನ್ನ ಕಥೆ ಮುಗಿಯಿತೆಂದುಕೊಂಡೆ. ಮೇಲ್ವಿಚಾರಕಿ ಹತ್ತಿರ ಬಂದು, ನಾನು ಹೇಳಿದ್ದು ತಮಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೆ ಒಂದೇ ಚಿತ್ರದ ಮುಂದೆ ಜನ ಇಷ್ಟು ಹೊತ್ತು ನಿಂತದ್ದನ್ನು ಕಂಡಿಲ್ಲ ಎಂದರು. ಮುಂದಿನ ವಾರದಿಂದ ಬನ್ನಿ, ಫೋನುಗಳನ್ನು ಮಾತ್ರ ಲಾಕರಿನಲ್ಲಿ ಇಡಿಸಿ ಎಂದೂ ಸೇರಿಸಿದರು.

ಸಂಜೆ ಪಕ್ಕದ ಮನೆಯ ಹುಬ್ಬಳ್ಳಿಯವರು ಹುಲ್ಲಿಗೆ ನೀರು ಬಿಡುತ್ತಿದ್ದರು. ಬೇಲಿಯ ಹತ್ತಿರ ನಿಂತು, ಪರೀಕ್ಷೆಯಲ್ಲಿ ಪಾಸಾದೆ ಎಂದು ಎಲ್ಲವನ್ನೂ ಹೇಳಿಕೊಂಡೆ. ಅವರು ಪೈಪನ್ನು ಗುಲಾಬಿ ಗಿಡದತ್ತ ತಿರುಗಿಸಿದರು.

"ಪಗಾರ ಇಲ್ಲದ ಕೆಲಸಕ್ಕ ಪರೀಕ್ಷೆ ಬ್ಯಾರೆ ಇಟ್ಟಿದ್ರೇನ್ರಿ?"